ಬೆಳಕಿಂಡಿಯ ಮುಸುಕು

ಜೈಲು, ಅಕ್ಟೋಬರ್ 12, 2004

ಪ್ರೀತಿಯ ತಂಗಿ ಸೆವೆಲ್ಮಾ,

ನಿನ್ನ ಪತ್ರ ಓದಿ ಮೈ ಉರಿಯಿತು. ಉಲಾನ್‌ಬಾತರದ ಸಂತೆಯಲ್ಲಿ ಒಲೆ ಅಂದರೆ ಗೊಂಬೊನ ಒಲೆ ಅನ್ನುತ್ತಿದ್ದರು. ಆ ಗೊಂಬೊನ ತಂಗಿ ತನ್ನ ಗೆರ್ ಗುಡಾರದಲ್ಲಿ ಹೊಗೆ ಕುಡಿದು ಕೆಮ್ಮುತ್ತಾಳೆಂದರೆ ತಗಡಿನಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಬೆಚ್ಚಗಿರಲಿ ಎಂದು ಉಣ್ಣೆಹೊದಿಕೆಯನ್ನು ಎರಡು ಪದರ ಮಾಡಿದ್ದೀರಿ, ಬುಡಕ್ಕೆ ಮಣ್ಣು ಒತ್ತಿದ್ದೀರಿ, ಬಾಗಿಲ ಸಂದಿಗೆಲ್ಲ ಚಿಂದಿ ತುರುಕಿದ್ದೀರಿ. ಸರಿ, ಮನೆ ಉಸಿರಾಡುವುದು ಎಲ್ಲಿಂದ? ಬಾಗಿಲು ತೆಗೆದರೆ ಚಳಿಗೆ ಸಾಯುತ್ತೀರಿ, ಮುಚ್ಚಿದರೆ ಹೊಗೆಗೆ ಸಾಯುತ್ತೀರಿ. ಕಾಯಿಸುವುದು ಒಂದು ಕೆಲಸ, ಗಾಳಿಯಾಡಿಸುವುದು ಇನ್ನೊಂದು ಕೆಲಸ ಎಂದುಕೊಂಡವನು ಒಲೆಗೆ ಕೈ ಹಾಕಬಾರದು. ಎರಡೂ ಒಂದೇ ಕೊಳವೆಯಲ್ಲಿ ಆಗಬೇಕು.

ಹೊಗೆಕೊಳವೆಗೆ ಅಂಗಿ ತೊಡಿಸಿದ ಹಾಗೆ ಸುತ್ತ ಇನ್ನೊಂದು ದಪ್ಪ ಕೊಳವೆ ಹಾಕಿಸು. ಎರಡೂ ನೆತ್ತಿಯ ಬೆಳಕಿಂಡಿಯ ಮೂಲಕ ಹೊರಗೆ ಹೋಗಲಿ, ಅದರ ಮೇಲಿನ ಉಣ್ಣೆಯ ಮುಸುಕು ಅರ್ಧ ಸರಿದಿರಲಿ. ಒಳಗಿನದರಲ್ಲಿ ಹೊಗೆ ಮೇಲೆ ಹೋಗುತ್ತದೆ. ಒಲೆ ಎಳೆಯುವ ಜೋರಿಗೆ ಹೊರಗಿನ ಗಾಳಿ ಎರಡು ಕೊಳವೆಗಳ ನಡುವಿನ ಸಂದಿನಲ್ಲಿ ಕೆಳಗೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಹೊಗೆಯ ಬಿಸಿಯನ್ನೇ ಕದ್ದು ಬೆಚ್ಚಗಾಗಿ ಒಳಗೆ ಬರುತ್ತದೆ. ಆಕಾಶಕ್ಕೆ ದಾನ ಮಾಡುತ್ತಿದ್ದ ಬಿಸಿ ನಿಮಗೇ ವಾಪಸು. ಚಿತ್ರ ಹಿಂಬದಿಯಲ್ಲಿದೆ.

ಒಂದು ಮಾತು ಮಾತ್ರ ಮರೆಯಬೇಡ. ಕೆಂಡ ಪೂರ್ತಿ ಬೂದಿಯಾಗುವವರೆಗೆ ಹೊಗೆಕೊಳವೆಗೆ ಅಡ್ಡಲಾಗಿ ಸರಿಸುವ ತಗಡನ್ನು ಮುಚ್ಚಬಾರದು. ನಮ್ಮ ಚಿಕ್ಕಮ್ಮ ಹೇಗೆ ಹೋದಳೆಂದು ನೋಡಿದ್ದೀಯಲ್ಲ. ಕೆನ್ನೆ ಕೆಂಪಗೆ, ನಿದ್ದೆ ಮಾಡುವವಳ ಹಾಗೆ.

ಏಪ್ರಿಲ್‌ನಲ್ಲಿ ನನ್ನನ್ನು ಬಿಡುತ್ತಾರಂತೆ. ಸಂತೆಯಲ್ಲಿ ನಿನ್ನ ಕೆನ್ನೆಗೆ ಬಾರಿಸಿದವನಿಗೆ ನಾನು ಕೊಟ್ಟದ್ದು ಒಂದೇ ಏಟು. ಕೈಯಲ್ಲಿ ಒಲೆಯ ಸಲಾಕೆ ಇದ್ದದ್ದು, ಅವನ ಬುರುಡೆ ಮಡಕೆಯಷ್ಟು ತೆಳ್ಳಗಿದ್ದದ್ದು ನನ್ನ ಹಣೆಬರಹ. ಅದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ವರ್ಷಕ್ಕೊಮ್ಮೆ ಕೇಳುತ್ತಾರೆ. ಇದೆ ಎನ್ನುತ್ತೇನೆ. ಆದರೂ ನಿನ್ನ ಮೇಲೆ ಯಾರಾದರೂ ಮತ್ತೆ ಕೈ ಎತ್ತಿದರೆ ಆ ಕೈಯನ್ನು ಬುಡಸಮೇತ ಕೀಳುತ್ತೇನೆ. ಜೈಲಿನ ಪತ್ರಗಳನ್ನೆಲ್ಲ ಮೊದಲು ಓದುವ ಸಾಹೇಬರೇ, ಈ ಸಾಲು ಬಿಟ್ಟು ಒಲೆಯ ಭಾಗ ಓದಿ, ನಿಮ್ಮ ಮನೆಗೂ ಉಪಯೋಗಕ್ಕೆ ಬಂದೀತು.

ಖುಲಾನ್‌ಗೆ ಮಾವನ ಮುದ್ದು.
ನಿನ್ನ ಅಣ್ಣ ಗೊಂಬೊ


ಉಲಾನ್‌ಬಾತರ್, ನವೆಂಬರ್ 2, 2004

ಅಣ್ಣಾ,

ಪತ್ರ ಬಂತು, ಕೊಳವೆ ಹಾಕಿಸಿದೆ. ತಗಡಿನವನು ನಿನ್ನ ಚಿತ್ರ ನೋಡಿ "ಒಲೆಗ್ಯಾಕೆ ಕೋಟು, ಅದಕ್ಕೇನು ನೆಗಡಿಯಾ?" ಅಂದ. ಈಗ ಅವನೇ ಬೇರೆಯವರಿಗೆ ಮಾಡಿ ಮಾರುತ್ತಿದ್ದಾನೆ. ಒಲೆ ಹೊತ್ತಿಸಿ ಚಹಾ ಕುದಿಯುವಷ್ಟರಲ್ಲಿ ಸಂದಿನಿಂದ ಬೆಚ್ಚನೆಯ ಗಾಳಿ ಬರುತ್ತದೆ. ಖುಲಾನ್ ಅಲ್ಲಿ ಮುಖ ಒಡ್ಡಿ "ಮಾವ ಊದ್ತಿದಾನೆ" ಎನ್ನುತ್ತಾಳೆ. ಏಳು ವರ್ಷದ ಹುಡುಗಿ, ನಿನ್ನನ್ನು ನೋಡಿದ್ದು ಗಾಜಿನ ಆಚೆಯಿಂದ ಮಾತ್ರ. ಆದರೂ ನಿನ್ನ ಉಸಿರಿನ ಲೆಕ್ಕ ಇಟ್ಟಿದ್ದಾಳೆ.

ಪಕ್ಕದ ದುಲ್ಮಾ ಅಜ್ಜಿ ದಿನಾ ಬಂದು ಒಲೆಯ ಮುಂದೆ ಕೂರುತ್ತಾಳೆ. "ನಿಮ್ಮಣ್ಣ ಹೊರಗೆ ಬಂದ್ರೆ ನನಗೇ ಮದುವೆ ಮಾಡ್ಸೇ, ಒಲೆಗೋಸ್ಕರನಾದ್ರೂ ಆಗ್ತೀನಿ" ಎನ್ನುತ್ತಾಳೆ. ಅವಳಿಗೆ ಎಪ್ಪತ್ತು, ಯೋಚಿಸು.

ಖುಲಾನ್‌ಳ ಅಪ್ಪ ಜಮ್ಯಾನ್ ಕಲ್ಲಿದ್ದಲು ಲಾರಿಗೆ ಹೋಗುತ್ತಿದ್ದಾನೆ. ರಾತ್ರಿ ಓಡಿಸುತ್ತಾನೆ, ಹಗಲು ಮಲಗುತ್ತಾನೆ. ಗಾಳಿ ಬರುವ ಕೊಳವೆ ಅವನಿಗೆ ಅಷ್ಟಾಗಿ ಹಿಡಿಸಿಲ್ಲ. ಬಿಸಿಯೆಲ್ಲ ಅಲ್ಲಿಂದಲೇ ಹೋಗುತ್ತದೆ ಎನ್ನುತ್ತಾನೆ. ಅಭ್ಯಾಸವಾದರೆ ಸರಿಹೋಗುತ್ತದೆ. ನಾವು ಚೆನ್ನಾಗಿದ್ದೇವೆ.

ನೀನು ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಏಪ್ರಿಲ್‌ವರೆಗೆ ಹಲ್ಲು ಕಚ್ಚಿಕೊಂಡಿರು. ನನಗೆ ಬೇಕಾಗಿರುವುದು ನೀನು ಹೊರಗೆ ಬರುವುದು, ಅಷ್ಟೇ.

ಸೆವೆಲ್ಮಾ


ಜೈಲು, ನವೆಂಬರ್ 24, 2004

ತಂಗೀ,

ದುಲ್ಮಾ ಅಜ್ಜಿಗೆ ಹೇಳು, ಹಲ್ಲು ಕಟ್ಟಿಸಿಕೊಂಡರೆ ಯೋಚಿಸುತ್ತೇನೆ.

ನಿನ್ನ ಪತ್ರ ಓದಿದ ಹುಮ್ಮಸ್ಸಿನಲ್ಲಿ ಇಲ್ಲಿಯೂ ಅದೇ ಕೆಲಸ ಮಾಡಿದೆ. ನಮ್ಮ ಕೊಠಡಿಯಲ್ಲಿ ಒಲೆ ಒಂದು ಮೂಲೆಯಲ್ಲಿದೆ. ಒಲೆಯ ಪಕ್ಕ ಮಲಗುವವರು ಬೆವರುತ್ತಾರೆ, ಕಿಟಕಿಯ ಪಕ್ಕದವರ ಮೀಸೆಯಲ್ಲಿ ಮಂಜು ಕಟ್ಟುತ್ತದೆ. ಒಲೆಯ ಪಕ್ಕದ ಜಾಗ ಯಾರಿಗೆ ಎಂದು ಹೇಳುವವನು ಬಾಯರ್ ಎಂಬ ಗೂಳಿ. ಸಿಗರೇಟು ಕೊಟ್ಟವನಿಗೆ ಜಾಗ, ಕೊಡದವನಿಗೆ ಗುದ್ದು. ಹೋದ ಚಳಿಗಾಲದಲ್ಲಿ ಒಬ್ಬ ಮುದುಕನನ್ನು ಕಾಲು ಹಿಡಿದು ಎಳೆದು ಕಿಟಕಿಯ ಕೆಳಗೆ ಬಿಸಾಡಿದ್ದ. ಮುದುಕ ಎರಡು ಬೆರಳು ಕಳೆದುಕೊಂಡ.

ಅಧಿಕಾರಿಗಳ ಒಪ್ಪಿಗೆ ಪಡೆದು ಒಲೆಗೆ ಕೊಳವೆಯ ಅಂಗಿ ತೊಡಿಸಿದೆ. ಬೆಚ್ಚನೆಯ ಗಾಳಿಯನ್ನು ತಗಡಿನ ಕಾಲುವೆಯಲ್ಲಿ ಕಿಟಕಿಯವರೆಗೂ ಹರಿಸಿದೆ. ಈಗ ಎಲ್ಲ ಕಡೆ ಒಂದೇ ಬಿಸಿ. ಒಲೆಯ ಪಕ್ಕದ ಜಾಗಕ್ಕೆ ಕವಡೆ ಬೆಲೆಯೂ ಇಲ್ಲ. ಬೆರಳಿಲ್ಲದ ಮುದುಕ ಲುವ್ಸನ್ ಖುಷಿಯಲ್ಲಿ ನನ್ನ ಕೈಗೆ ಮುತ್ತು ಕೊಟ್ಟ. ಬಾಯರ್ ಮಾತ್ರ ನನ್ನನ್ನು ನೋಡುವ ರೀತಿ ನೋಡಬೇಕು! ನನ್ನ ಚರ್ಮ ಸುಲಿದು ಅದನ್ನೇ ಹೊದೆಯುವ ಆಸೆ ಅವನಿಗೆ.

ಹೆದರಬೇಡ, ಹಲ್ಲು ಕಚ್ಚಿಕೊಂಡೇ ಇದ್ದೇನೆ. ಜಮ್ಯಾನ್‌ಗೆ ನನ್ನ ನಮಸ್ಕಾರ. ರಾತ್ರಿಯೆಲ್ಲ ಲಾರಿ ಓಡಿಸಿ ನಿಮ್ಮನ್ನು ಸಾಕುವ ಮನುಷ್ಯ. ನಾನು ಮಾಡಬೇಕಾದ್ದನ್ನು ಅವನು ಮಾಡುತ್ತಿದ್ದಾನೆ. ಹೊರಗೆ ಬಂದ ಮೇಲೆ ಅವನಿಗೊಂದು ಕುರಿ ಕಡಿಸುತ್ತೇನೆ.

ಗೊಂಬೊ


ಉಲಾನ್‌ಬಾತರ್, ಡಿಸೆಂಬರ್ 18, 2004

ಅಣ್ಣಾ,

ಅಕ್ಷರ ಕಾಗೆಯ ಕಾಲಿನ ಹಾಗಿದೆ ಎಂದು ನಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮಂಜಿನಲ್ಲಿ ಜಾರಿ ಬಿದ್ದು ಬಲಗೈ ಉಳುಕಿದೆ. ನೀನು ಚಿಕ್ಕಂದಿನಿಂದ ನನ್ನನ್ನು ಕುಂಟುಮೇಕೆ ಎನ್ನುತ್ತಿದ್ದದ್ದು ಸುಳ್ಳಲ್ಲ.

ಖುಲಾನ್ ಕೂಡ ನನ್ನ ಹಾಗೇ. ಒಲೆ ಮುಟ್ಟಿ ಅಂಗೈ ಸುಟ್ಟುಕೊಂಡಿದ್ದಾಳೆ. ಕುರಿಯ ಕೊಬ್ಬು ಸವರಿ ಬಟ್ಟೆ ಕಟ್ಟಿದ್ದೇನೆ. ಬೆರಳು ಮಡಿಸಲು ಆಗುತ್ತಿಲ್ಲ. ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ.

ನಿನ್ನನ್ನು ಒಂದು ಕೇಳಬೇಕಿತ್ತು. ಜಮ್ಯಾನ್ ಬೆಳಿಗ್ಗೆ ಬಂದು ಮಲಗಿದರೆ ಸಂಜೆಯವರೆಗೆ ಏಳುವುದಿಲ್ಲ. ಹಗಲು ಹೊತ್ತು ಮನೆ ತಣ್ಣಗಿರುತ್ತದೆ ಎಂದು ಅವನಿಗೆ ಬೇಸರ. ಯಾರಾದರೂ ಬಾಗಿಲು ಒಂದು ಗಳಿಗೆ ತೆರೆದಿಟ್ಟರೂ ಬಿಸಿ ಹೋಯಿತೆಂದು ಕೂಗಾಡುತ್ತಾನೆ. ಗಾಳಿಯ ಕೊಳವೆಗೆ ಎರಡು ಸಲ ಚಿಂದಿ ತುರುಕಿದ್ದ, ನಾನು ತೆಗೆದೆ. ಹಗಲಲ್ಲಿ ಬಿಸಿ ಉಳಿಯಲು ಏನು ಮಾಡಬೇಕು? ಬೇಗ ಬರೆ. ಈ ಚಳಿಗಾಲ ದಾಟುವುದು ಕಷ್ಟವಾಗಿದೆ.

ಸೆವೆಲ್ಮಾ


ಜೈಲು, ಜನವರಿ 9, 2005

ಸೆವೆಲ್ಮಾ

ನಿನ್ನ ಪತ್ರ ಬಂತು. ಮೂರು ಸಲ ಓದಿಸಿಕೊಂಡೆ. ಹೆಚ್ಚು ಬರೆಯಲಾರೆ.

ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡು. ಯಾರನ್ನೂ ಕೇಳಬೇಡ. ಜಮ್ಯಾನ್ ಮಲಗಿದ ಮೇಲೆ ಒಲೆ ತುಂಬ ಇದ್ದಲು ಹಾಕು. ಕೆಂಡ ಕೆಂಪಗಿರುವಾಗಲೇ ಕೊಳವೆಯ ತಗಡು ಪೂರ್ತಿ ಮುಚ್ಚು. ಗಾಳಿಯ ಕೊಳವೆಗೂ ಚಿಂದಿ ಇಡು. ಹಗಲಲ್ಲೇ ಬೆಳಕಿಂಡಿಯ ಮುಸುಕು ಎಳೆ. ಪೂರ್ತಿ ಎಳೆ.

ಅವನು ಬೆಚ್ಚಗೆ ಮಲಗಲಿ.

ಗೊಂಬೊ


ಉಲಾನ್‌ಬಾತರ್, ಜನವರಿ 25, 2005

ಅಣ್ಣಾ,

ನಿನ್ನ ಪತ್ರ ಬಂದಾಗ ಮೊದಲು ಅಕ್ಷರ ನೋಡಿದೆ. ಸಾಲುಗಳು ಕುಡಿದವನ ಹಾಗೆ ಕೆಳಗೆ ಜಾರಿದ್ದವು. ಪೆನ್ನು ಕಾಗದವನ್ನು ಹರಿದಿತ್ತು. ಸಿಟ್ಟು ನೆತ್ತಿಗೇರಿದಾಗಲೇ ನಿನ್ನ ಅಕ್ಷರ ಹಾಗಾಗುವುದು ಎಂದು ನನಗೆ ಗೊತ್ತು. ನಾನು ಬರೆಯದೆ ಇದ್ದದ್ದನ್ನೂ ಓದಿಬಿಟ್ಟಿದ್ದೀಯ.

ಹಗಲಲ್ಲಿ ಮುಸುಕು ಪೂರ್ತಿ ಎಳೆಯುವುದು ಯಾವ ಮನೆಯಲ್ಲಿ ಎಂದು ನಮ್ಮವರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಸಾವಾದ ಮನೆಯಲ್ಲಿ. ನೀನು ಅದನ್ನು ಎರಡು ಸಲ ಬರೆದಿದ್ದೆ. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ನೀನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಶುಕ್ರವಾರ ಬೆಳಿಗ್ಗೆ ಜಮ್ಯಾನ್ ಕುಡಿದು ಬಂದು ಮಲಗಿದ. ಖುಲಾನ್‌ಳನ್ನು ಕರೆದುಕೊಂಡು ದುಲ್ಮಾ ಅಜ್ಜಿಯ ಮನೆಗೆ ಹೋದೆ. ಬೂಜ್ ಕಡುಬು ಮಾಡಿದೆವು. ಅಜ್ಜಿ ಹೊರಗೆ ಹೋದವಳು ನಮ್ಮ ಮನೆಯ ಕಡೆ ನೋಡಿ ಓಡಿಬಂದು, "ಏನೇ, ಮಟಮಟ ಮಧ್ಯಾಹ್ನ ಮುಸುಕು ಎಳೆದಿದ್ದೀಯಲ್ಲೇ! ಯಾರು ಸತ್ರು ಅಂತ?" ಅಂದಳು. "ಯಾರೂ ಇಲ್ಲ ಅಜ್ಜಿ, ಗಾಳಿಗೆ ಬಿದ್ದಿರಬೇಕು" ಅಂದೆ. ಎಡಗೈಯಲ್ಲಿ ಕಡುಬಿಗೆ ನೆರಿಗೆ ಹಿಡಿಯುತ್ತಲೇ ಇದ್ದೆ.

ಸಂಜೆ ಹೋಗಿ ನೋಡಿದಾಗ ಅವನು ಎದ್ದಿರಲಿಲ್ಲ. ವೈದ್ಯರು, ಪೊಲೀಸರು ಬಂದರು. ಹೊಗೆ ಕುಡಿದಿದ್ದಾನೆ ಎಂದು ಬರೆದುಕೊಂಡು ಹೋದರು. ಈ ಚಳಿಗಾಲದಲ್ಲಿ ನಮ್ಮ ಗುಡ್ಡದ ಕೇರಿಯಲ್ಲಿ ಅವನು ಮೊದಲಿಗನಲ್ಲ.

ಖುಲಾನ್ ಅತ್ತಿಲ್ಲ. ನಾನೂ ಅತ್ತಿಲ್ಲ.

ಸೆವೆಲ್ಮಾ


ಜೈಲು, ಜನವರಿ 23, 2005

ಸೆವೆಲ್ಮಾ, ನಿಲ್ಲಿಸು!

ನನ್ನ ಹಿಂದಿನ ಪತ್ರವನ್ನು ಒಲೆಗೆ ಹಾಕು. ಅದರಲ್ಲಿ ಇರುವುದನ್ನು ಮಾಡಬೇಡ. ಮಾಡಿದರೆ ಸಾಯುತ್ತೀರಿ, ಖುಲಾನ್ ಸಾಯುತ್ತಾಳೆ!

ನಿನಗೆ ಹೇಳದ ವಿಷಯ ಒಂದಿದೆ. ಹೊಸವರ್ಷದ ಹಿಂದಿನ ದಿನ ಬಾಯರ್ ಮತ್ತು ಅವನ ಇಬ್ಬರು ನಾಯಿಗಳು ನನ್ನನ್ನು ಸ್ನಾನದ ಕೋಣೆಯಲ್ಲಿ ಹಿಡಿದರು. ಇಬ್ಬರು ಕೈ ಹಿಡಿದರು, ಬಾಯರ್ ನನ್ನ ತಲೆಯನ್ನು ಗೋಡೆಗೆ ಬಡಿದ. "ಎಲ್ಲರಿಗೂ ಬಿಸಿ ಹಂಚ್ತೀಯೇನೋ ದಾನಶೂರ? ತಗೋ, ನಿಂಗೂ ಬಿಸಿ" ಎನ್ನುತ್ತಲೇ ಬಡಿದ. ಕಿವಿಯಿಂದ ರಕ್ತ ಸುರಿಯಿತು. ಎಚ್ಚರ ಬಂದಾಗ ಆಸ್ಪತ್ರೆಯ ಮಂಚದಲ್ಲಿದ್ದೆ, ಎಡ ಯಾವುದು ಬಲ ಯಾವುದು ತಿಳಿಯುತ್ತಿರಲಿಲ್ಲ. ಚಮಚ ಹಿಡಿಯಲು ಹೋದರೆ ಬಟ್ಟಲು ಬೀಳುತ್ತಿತ್ತು. ನಿನಗೆ ಹೇಳಿದರೆ ಗಾಬರಿಯಾಗುತ್ತೀಯೆಂದು ಬಾಯಿ ಮುಚ್ಚಿಕೊಂಡೆ.

ಅದೇ ಸ್ಥಿತಿಯಲ್ಲಿ ನಿನಗೆ ಉತ್ತರ ಬರೆದೆ. ನಿನ್ನ ಪತ್ರವನ್ನು ಓದಿ ಹೇಳಿದವನು ಮುದುಕ ಲುವ್ಸನ್. ಬೇಡ ಎನ್ನಬೇಕಾದ್ದನ್ನೆಲ್ಲ ಮಾಡು ಎಂದು ಬರೆದಿದ್ದೇನೆ. ನಿನ್ನೆ ತಲೆ ಸ್ವಲ್ಪ ತಿಳಿಯಾದಾಗ ಲುವ್ಸನ್ ಕೇಳಿದ: "ಅಲ್ಲಯ್ಯಾ, ಕೆಂಡ ಕೆಂಪಗಿದ್ದಾಗಲೇ ಮುಚ್ಚು ಅಂತ ಬರೆದಿದ್ದೆಯಲ್ಲ, ಅದು ಹೊಸಾ ಪದ್ಧತಿಯಾ?" ನನ್ನ ಎದೆ ಒಡೆದುಹೋಯಿತು.

ಪತ್ರ ಓದುವ ಸಾಹೇಬರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಇದನ್ನು ಇವತ್ತೇ ಅಂಚೆಗೆ ಹಾಕಿ.

ಕೊಳವೆ ತೆರೆದಿಡು. ಮುಸುಕು ಅರ್ಧ ತೆರೆದಿಡು. ಚಳಿಯಾದರೆ ಆಗಲಿ.

ಗೊಂಬೊ


ಜೈಲು, ಫೆಬ್ರವರಿ 7, 2005

ಸೆವೆಲ್ಮಾ,

ಬೇಡ ಎಂದು ಬರೆದ ನನ್ನ ಪತ್ರ ಹೋದ ಮೇಲೆ ನಿನ್ನ ಪತ್ರ ಬಂತು. ಒಂದು ದಿನವೆಲ್ಲ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ನಾನು ಬರೆದ ಹಾಗೆ ಮಾಡಿದೆಯಂತೆ. ಪಾಪದ ಮನುಷ್ಯ. ರಾತ್ರಿಯೆಲ್ಲ ದುಡಿದು ಬಂದು, ಬೆಚ್ಚಗೆ ಮಲಗಬೇಕು ಎಂದದ್ದೇ ಅವನ ತಪ್ಪೇ? ಅವನಿಗೆ ಕುರಿ ಕಡಿಸುತ್ತೇನೆಂದಿದ್ದೆ. ಕುರಿಯ ಬದಲು ಅವನನ್ನೇ ಕಡಿದೆ, ಅದೂ ಕೂತ ಜಾಗದಿಂದ ಏಳದೆ. ನೀನು ಎಷ್ಟು ಗಟ್ಟಿ ಮನಸ್ಸು ಮಾಡಿಕೊಂಡು ನನಗೆ ಒಂದು ಬೈಗುಳವೂ ಇಲ್ಲದೆ ಬರೆದಿದ್ದೀಯ! "ನಾನು ಬರೆಯದೆ ಇದ್ದದ್ದನ್ನೂ ಓದಿಬಿಟ್ಟಿದ್ದೀಯ" ಎಂದು ನಿನ್ನ ಪತ್ರದಲ್ಲಿ ಏನೇನೋ ಇದೆ. ಅದು ನನಗೆ ಅರ್ಥವಾಗಲಿಲ್ಲ. ದುಃಖದಲ್ಲಿ ಬರೆದಿರಬೇಕು.

ಸಂತೆಯವನನ್ನು ಕೊಂದಾಗ ನಾನು ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಖುಲಾನ್ ಅಪ್ಪನನ್ನು ಎಬ್ಬಿಸುತ್ತಿರುವುದು ಕಾಣುತ್ತದೆ. ಮೊನ್ನೆ ಬಾಯರ್ ಮತ್ತೆ ಬಂದು ಭುಜ ತಳ್ಳಿದ. ಕೈ ಎತ್ತಲಿಲ್ಲ. ಹೊಡಿ ಎಂದೆ. ಅವನಿಗೇ ಹೆದರಿಕೆಯಾಗಿ ಹೋದ.

ಈ ವಾರದ ಬಿಳಿ ತಿಂಗಳ ಹಬ್ಬ ಮುಗಿದ ಮೇಲಿನ ಸೋಮವಾರ ಜೈಲಿನ ದೊಡ್ಡ ಅಧಿಕಾರಿ ಬರುತ್ತಾರೆ. ಅವರ ಮುಂದೆ ನಿಂತು ಹೇಳುತ್ತೇನೆ, ಒಬ್ಬ ಒಳ್ಳೆಯವನನ್ನು ನನ್ನ ಪತ್ರ ಕೊಂದಿತೆಂದು. ಏಪ್ರಿಲ್ ಬೇಡ. ನಿನ್ನ ಮುಖ, ಮಗುವಿನ ಮುಖ ನೋಡುವ ಯೋಗ್ಯತೆ ನನಗಿಲ್ಲ. ಇಲ್ಲೇ ಸಾಯುತ್ತೇನೆ.

ಗೊಂಬೊ


ಉಲಾನ್‌ಬಾತರ್, ಫೆಬ್ರವರಿ 13, 2005, ಭಾನುವಾರ

ಅಣ್ಣಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತರುತ್ತೇನೆ. ನಾಳೆ ದೊಡ್ಡ ಅಧಿಕಾರಿ ಬರುವ ಮೊದಲು ಇದು ನಿನ್ನ ಕೈಯಲ್ಲಿರಬೇಕು.

ನೀನು ಒಳ್ಳೆಯವನನ್ನು ಕೊಂದಿಲ್ಲ. ನೀನು ಯಾರನ್ನೂ ಕೊಂದಿಲ್ಲ.

ನಾನು ಮಂಜಿನಲ್ಲಿ ಜಾರಿ ಬಿದ್ದಿರಲಿಲ್ಲ. ಗಾಳಿಯ ಕೊಳವೆಯಿಂದ ಚಿಂದಿ ತೆಗೆದದ್ದಕ್ಕೆ ಜಮ್ಯಾನ್ ನನ್ನ ಬಲಗೈಯನ್ನು ಮಂಚದ ಅಂಚಿಗಿಟ್ಟು ತುಳಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. "ನಿಮ್ಮಣ್ಣನ ಕೊಳವೆ ನನ್ನ ಇದ್ದಲು ತಿಂತಿದೆ, ನೀನು ಬೇರೆ ಅದಕ್ಕೆ ಬಾಯಿ ತೆಗೀತೀಯಾ?" ಅಂದ. ಅದಕ್ಕೂ ಮೊದಲು ಪಕ್ಕೆಲುಬು. ಅದಕ್ಕೂ ಮೊದಲು ಎರಡು ಹಲ್ಲು. ಹೊಟ್ಟೆಯಲ್ಲಿದ್ದ ಒಂದು ಮಗು. ಮದುವೆಯಾದ ಮೊದಲ ಚಳಿಗಾಲದಿಂದಲೂ ಇದೇ. ನಿನಗೆ ಬರೆದರೆ ನೀನು ಬಂದ ದಿನವೇ ಅವನನ್ನು ಕೊಂದು, ಮತ್ತೆ ಅದೇ ಜೈಲಿಗೆ ಹೋಗುತ್ತಿದ್ದೆ. ನನ್ನಿಂದ ನೀನು ಒಮ್ಮೆ ಒಳಗೆ ಹೋದದ್ದು ಸಾಕಾಗಿತ್ತು. ಅದಕ್ಕೇ ಚೆನ್ನಾಗಿದ್ದೇವೆ, ಚೆನ್ನಾಗಿದ್ದೇವೆ ಎಂದು ಬರೆಯುತ್ತಿದ್ದೆ.

ಖುಲಾನ್ ಒಲೆ ಮುಟ್ಟಿರಲಿಲ್ಲ. ಬಾಗಿಲು ಸರಿಯಾಗಿ ಹಾಕದೆ ಬಂದಳೆಂದು ಅವನು ಅವಳ ಕೈ ಹಿಡಿದು ಒಲೆಗೆ ಒತ್ತಿದ. "ಬಿಸಿ ಅಂದ್ರೆ ಏನು ಗೊತ್ತಾಯ್ತಾ? ಇನ್ಮೇಲೆ ಹೊರಗೆ ಬಿಡ್ತೀಯಾ?" ಎಂದು ಕೇಳಿದ. ಅವಳು ಇಲ್ಲ ಎನ್ನುವವರೆಗೂ ಬಿಡಲಿಲ್ಲ. ನಾನು ಅವನ ಬೆನ್ನಿಗೆ ಬಿದ್ದು ಕಚ್ಚಿದೆ. ಅವನು ಅಲುಗಲಿಲ್ಲ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ, ಅಣ್ಣಾ. ಮಾಂಸ ಬೇಯಿಸಲು ಆಗುವುದಿಲ್ಲ.

ಆಮೇಲೆ ನಿನ್ನ ಪತ್ರ ಬಂತು. ನೀನು ಎಲ್ಲ ತಿಳಿದುಕೊಂಡು, ಸಾಹೇಬರ ಕಣ್ಣು ತಪ್ಪಿಸಿ ನನಗೆ ದಾರಿ ಹೇಳಿದ್ದೀಯ ಎಂದುಕೊಂಡೆ. ನಿನ್ನ ತಲೆ ಒಡೆದಿತ್ತು ಎಂದು ನನಗೆ ಹೇಗೆ ತಿಳಿಯಬೇಕು? ನಾನು ಮುಚ್ಚಿಟ್ಟೆ, ನೀನೂ ಮುಚ್ಚಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯಲು ಹೋಗಿ ಹೀಗಾಯಿತು.

ಆದರೆ ಒಂದು ಮಾತು ಸರಿಯಾಗಿ ಕೇಳು. ಆ ಪತ್ರ ತಪ್ಪಾಗಿತ್ತು. ತಗಡು ಮುಚ್ಚಿದ ಕೈ ತಪ್ಪಾಗಿ ಮುಚ್ಚಲಿಲ್ಲ. ಚಿಕ್ಕಮ್ಮ ಹೇಗೆ ಹೋದಳೆಂದು ನೋಡಿದವಳು ನಾನು. ಕೆಂಡ ಕೆಂಪಗಿತ್ತು. ಮಗುವಿಗೆ ಬೂಟು ಹಾಕಿ ಹೊರಗೆ ಕಳಿಸಿ, ಎಡಗೈಯಲ್ಲೇ ತಗಡು ಸರಿಸಿದೆ. ಮುಸುಕಿನ ಹಗ್ಗ ಎಳೆಯುವಾಗ ಅವನು ಒಮ್ಮೆ ಮಗ್ಗುಲು ಬದಲಿಸಿದ. ನಾನು ನಿಂತೆ. ಬೇಕಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಖುಲಾನ್ ಹೊರಗಿನಿಂದ "ಅಮ್ಮಾ, ಬಾಗಿಲು ಹಾಕ್ಲಾ?" ಎಂದು ಕೇಳಿದಳು. ಅವಳ ಸ್ವರದಲ್ಲಿದ್ದ ಹೆದರಿಕೆ ಕೇಳಿ ಹಗ್ಗವನ್ನು ಪೂರ್ತಿ ಎಳೆದೆ. ಅವನು ಸತ್ತದ್ದಕ್ಕೆ ನನಗೆ ದುಃಖವಿಲ್ಲ. ಅದನ್ನು ನೀನು ಹೊತ್ತುಕೊಳ್ಳಲು ಹೊರಟದ್ದಕ್ಕೆ ಮಾತ್ರ ನಿನ್ನ ಪತ್ರ ಬಂದಾಗಿನಿಂದ ಬಿಕ್ಕಿ ಬಿಕ್ಕಿ ಅತ್ತಿದ್ದೇನೆ.

ಸಾಹೇಬರೇ, ಅಣ್ಣ ನಿಮ್ಮ ಜೊತೆ ತಮಾಷೆ ಮಾಡುತ್ತಿದ್ದ, ನಾನು ಒಮ್ಮೆಯೂ ಮಾತಾಡಿಸಿಲ್ಲ. ಇವತ್ತು ಮಾತಾಡಿಸುತ್ತಿದ್ದೇನೆ. ಈ ಪತ್ರವನ್ನು ಮೊದಲು ಓದುವವರು ನೀವು. ಯಾರಿಗೆ ತೋರಿಸಬೇಕೋ ತೋರಿಸಿ, ನಾನು ಗೇಟಿನ ಹೊರಗೇ ನಿಂತಿರುತ್ತೇನೆ, ಓಡಿಹೋಗುವುದಿಲ್ಲ. ಆದರೆ ಅದಕ್ಕೆ ಮೊದಲು ನನ್ನ ಅಣ್ಣನಿಗೆ ಓದಲು ಕೊಡಿ. ಇಷ್ಟು ವರ್ಷ ನಮ್ಮ ಪತ್ರ ಓದಿದ್ದೀರಿ, ಹೋದ ತಿಂಗಳ ಪತ್ರವನ್ನೂ ತಡೆಯದೆ ದಾಟಿಸಿದ್ದೀರಿ, ಇಷ್ಟು ಉಪಕಾರ ಮಾಡಿ.

ಅಣ್ಣಾ, ನೀನು ಏಪ್ರಿಲ್‌ನಲ್ಲಿ ಹೊರಗೆ ಬರಲೇಬೇಕು. ನಾಳೆ ಅಧಿಕಾರಿಯ ಮುಂದೆ ಬಾಯಿ ಬಿಡಬೇಡ. ಇಬ್ಬರೂ ಒಳಗಿದ್ದರೆ ಖುಲಾನ್‌ಗೆ ಯಾರು? ಅಲ್ಲಿಯವರೆಗೆ ದುಲ್ಮಾ ಅಜ್ಜಿ ನೋಡಿಕೊಳ್ಳುತ್ತಾಳೆ. ಅವಳಿಗೆ ಎಲ್ಲ ಹೇಳಿದೆ. "ಆ ಮುಸುಕು ನೋಡಿದಾಗಲೇ ನನಗೆ ಗೊತ್ತಾಯ್ತು ಕಣೇ, ನಾನೇ ಇನ್ನೆರಡು ಕಡುಬು ಜಾಸ್ತಿ ತಿಂದು ಹೊತ್ತು ಕಳೆದೆ" ಅಂದಳು.

ಕೊಳವೆಯ ಚಿಂದಿ ತೆಗೆದಿದ್ದೇನೆ. ಮುಸುಕು ಅರ್ಧ ತೆರೆದಿದೆ. ಇವತ್ತು ಬೆಳಿಗ್ಗೆ ಖುಲಾನ್ ತುಂಬ ದಿನಗಳ ಮೇಲೆ ಕೊಳವೆಯ ಹತ್ತಿರ ಹೋಗಿ ಕೂತಳು. ಸುಟ್ಟ ಅಂಗೈಯನ್ನು ಗಾಳಿಗೆ ಒಡ್ಡಿದಳು. ಕೆಂಡ ಬೂದಿಯಾಗುವವರೆಗೆ ತಗಡು ಮುಚ್ಚಬಾರದೆಂದು ಅವಳಿಗೆ ಹೇಳಿಕೊಟ್ಟಿದ್ದೇನೆ. ನೀನು ಬಂದ ಮೇಲೆ ಇನ್ನೊಮ್ಮೆ ಹೇಳಿಕೊಡು.

ನಿನ್ನ ತಂಗಿ
ಸೆವೆಲ್ಮಾ